ಅಮ್ಮನ ಒಂದೇ ಕಿಡ್ನಿ

ಅಮ್ಮ ಸೇಬು ಹೆಚ್ಚಿದರೆ ಮೊದಲ ಹೋಳು ಹೋಗುವುದು ಚಿಕ್ಕವನ ಕೈಗೆ. ದೊಡ್ಡವನು ಇದನ್ನು ಎಂಟು ವರ್ಷದವನಾಗಿದ್ದಾಗಲೇ ಗಮನಿಸಿದ್ದ. ಈಗ ನಲವತ್ತೊಂದಾಗಿತ್ತು, ಗಮನಿಸುವುದು ನಿಂತಿರಲಿಲ್ಲ. ಎರಡನೆಯ ಹೋಳು ತನಗೇ ಬರುತ್ತಿತ್ತು, ಅದೇನೂ ಸಣ್ಣದಾಗಿರುತ್ತಿರಲಿಲ್ಲ. ಆದರೆ ಎರಡನೆಯದು ಎರಡನೆಯದೇ.

ಅಪ್ಪನಿಂದ ಬಂದ ಕಾಯಿಲೆ ಮಾತ್ರ ಇಬ್ಬರಿಗೂ ಸಮನಾಗಿ ಬಂದಿತ್ತು. ಮೂತ್ರಪಿಂಡದ ತುಂಬ ನೀರುಗುಳ್ಳೆ. ಅಪ್ಪ ಅದರಲ್ಲೇ ಹೋದ. ಮಕ್ಕಳಿಬ್ಬರೂ ವಾರಕ್ಕೆ ಮೂರು ದಿನ ಡಯಾಲಿಸಿಸ್ ಕೋಣೆಯಲ್ಲಿ ಅಕ್ಕಪಕ್ಕದ ಹಾಸಿಗೆಗಳ ಮೇಲೆ ನಾಲ್ಕು ಗಂಟೆ ಮಲಗಿ ರಕ್ತ ತೊಳೆಸಿಕೊಳ್ಳುತ್ತಿದ್ದರು. ಅಲ್ಲೂ ಅದೇ ಕತೆ. ಶಾಲೆಯ ವ್ಯಾನ್ ಓಡಿಸುವ ಚಿಕ್ಕವನು ಬಾಯಿಬಿಟ್ಟರೆ ಸಿಸ್ಟರುಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗಡಿಯಾರ ರಿಪೇರಿಯ ದೊಡ್ಡವನು ಕೇಳಿದರಷ್ಟೇ ಮಾತಾಡುವವನು, ಅವನನ್ನು ಯಾರೂ ಕೇಳುತ್ತಿರಲಿಲ್ಲ. "ನಿಮ್ಮ ತಮ್ಮ ಇದ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ ನೋಡಿ" ಎಂದು ಹಿರಿಯ ಸಿಸ್ಟರ್ ಅವನಿಗೇ ಹೇಳಿದ್ದಳು. ಗಡಿಯಾರದವನಿಗೆ!

ಅಮ್ಮನ ಕಿಡ್ನಿ ಇಬ್ಬರಿಗೂ ಹೊಂದುತ್ತದೆ ಎಂದು ಗೊತ್ತಾದ ದಿನ ಡಾಕ್ಟರು ಮೂವರನ್ನೂ ಎದುರಿಗೆ ಕೂರಿಸಿಕೊಂಡಿದ್ದರು.

"ಯಾರಿಗೆ ಅಂತ ನೀವೇ ಹೇಳ್ಬೇಕು ಅಮ್ಮ."

"ಎರಡು ಕಣ್ಣಲ್ಲಿ ಯಾವುದು ಬೇಕು ಅಂದ್ರೆ ಏನ್ ಹೇಳ್ಲಿ ಡಾಕ್ಟ್ರೇ? ನೀವೇ ನೋಡಿ ಹೇಳಿ" ಎಂದು ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಳುವಾಗ ಅವಳು ಒರಗಿದ್ದು ಚಿಕ್ಕವನ ಭುಜಕ್ಕೆ. ದೊಡ್ಡವನಿಗೆ ಅಷ್ಟೇ ಸಾಕಾಯಿತು.

ಡಾಕ್ಟರು ಎಲ್ಲವನ್ನೂ ಪರೀಕ್ಷೆಗೆ ಬಿಟ್ಟರು. ಹೃದಯ, ಶ್ವಾಸಕೋಶ, ಕೊನೆಗೆ ರಕ್ತ. ರಕ್ತದಲ್ಲಿ ಹೆಪಟೈಟಿಸ್ ಇರಬಾರದು. ಇದ್ದವನಿಗೆ ಮೊದಲು ಅದರ ಚಿಕಿತ್ಸೆ ಆಗಬೇಕು, ಇಲ್ಲದವನಿಗೆ ಆಪರೇಷನ್. ಅಮ್ಮನ ವಯಸ್ಸು, ಬಿಪಿ ಎರಡೂ ಏರುತ್ತಿದ್ದುದರಿಂದ ತಿಂಗಳೊಳಗೆ ಮುಗಿಸಬೇಕು ಎಂಬುದು ಅವರ ಮಾತು.

ಆ ಕೊನೆಯ ಪರೀಕ್ಷೆಯ ಫಲ ದೊಡ್ಡವನಿಗೆ ಮೊದಲೇ ಗೊತ್ತಿತ್ತು. ಎರಡು ತಿಂಗಳ ಹಿಂದೆ ಅವರ ಸಾಲಿನ ಇಬ್ಬರು ರೋಗಿಗಳನ್ನು ಕೊನೆಯ ಕೋಣೆಗೆ ಸಾಗಿಸಿದ್ದರು. ಹೆಪಟೈಟಿಸ್ ಸಿ ಇದ್ದವರಿಗೆ ಅಲ್ಲಿ ಬೇರೆ ಯಂತ್ರ, ಬೇರೆ ಸಿಸ್ಟರ್. ಯಾರೋ ಅವಸರದಲ್ಲಿ ಕೈಗವಸು ಬದಲಿಸದೆ ಒಬ್ಬರಿಂದ ಒಬ್ಬರಿಗೆ ದಾಟಿಸಿದ್ದಾರೆಂದು ಗುಸುಗುಸು ಎದ್ದಿತ್ತು. ಅಂದಿನಿಂದ ದೊಡ್ಡವನಿಗೆ ವಿಪರೀತ ಸುಸ್ತು, ಬಾಯಿಗೆ ರುಚಿಯಿಲ್ಲ. ಯಾರಿಗೂ ಹೇಳದೆ ಊರಿನ ಇನ್ನೊಂದು ತುದಿಯ ಲ್ಯಾಬಿಗೆ ಹೋಗಿ ರಕ್ತ ಕೊಟ್ಟಿದ್ದ. ವರದಿಯಲ್ಲಿ ಹೆಪಟೈಟಿಸ್ ಸಿ ಇದೆ ಎಂದಿತ್ತು. ಆ ಕಾಗದವನ್ನು ಅಂಗಡಿಯಲ್ಲಿ ಚೂರುಚೂರು ಮಾಡಿ ಚರಂಡಿಗೆ ಬಿಟ್ಟ. ಮರುದಿನ ಎಂದಿನಂತೆ ತನ್ನ ಹಾಸಿಗೆಗೇ ಹೋಗಿ ಮಲಗಿದ. ಅದೇ ಯಂತ್ರಕ್ಕೆ ಮಧ್ಯಾಹ್ನ ಬೇರೆಯವರು ಬರುತ್ತಾರೆಂಬುದು ನೆನಪಾದಾಗಲೆಲ್ಲ ಮಗ್ಗುಲು ಬದಲಿಸುತ್ತಿದ್ದ.

ಹಾಗಾದರೆ ಕಿಡ್ನಿ ಚಿಕ್ಕವನಿಗೆ. ಮೊದಲ ಹೋಳು ಮತ್ತೆ ಅವನಿಗೇ.

ಉಪಾಯ ಅವನಿಗೆ ಹೊಳೆದದ್ದು ಒಂದು ಕೈಗಡಿಯಾರದ ಹಿಂಬದಿಯಿಂದ ಹಳೆಯ ಬೆಲೆಚೀಟಿ ಬಿಡಿಸುವಾಗ. ಚಿಮಟದ ತುದಿಯನ್ನು ಅಂಚಿನ ಕೆಳಗೆ ತೂರಿಸಿ, ಉಸಿರು ಬಿಗಿಹಿಡಿದು ಎಳೆದರೆ ಚೀಟಿ ಹರಿಯದೆ, ಅಂಟು ಉಳಿಸಿಕೊಂಡೇ ಎದ್ದು ಬರುತ್ತದೆ. ರಕ್ತದ ಟ್ಯೂಬಿನ ಮೇಲಿನ ಹೆಸರಿನ ಚೀಟಿಯೂ ಅದೇ ಜಾತಿಯದು. ಎರಡು ಟ್ಯೂಬು, ಎರಡು ಚೀಟಿ. ಅದಲುಬದಲು ಮಾಡಿದರೆ ತನ್ನ ರೋಗ ತಮ್ಮನ ಹೆಸರಿಗೆ, ತಮ್ಮನ ಆರೋಗ್ಯ ತನ್ನ ಹೆಸರಿಗೆ.

ಹತ್ತು ದಿನ ಅಂಗಡಿಯಲ್ಲಿ ಎಣ್ಣೆಬುಡ್ಡಿಗಳ ಮೇಲೆ ಅಭ್ಯಾಸ ಮಾಡಿದ. ಮೊದಮೊದಲು ಒಂದು ನಿಮಿಷ ಬೇಕಾಗುತ್ತಿತ್ತು, ಆಮೇಲೆ ಇಪ್ಪತ್ತು ಸೆಕೆಂಡು. ಇಬ್ಬರದೂ ಒಂದೇ ರಕ್ತದ ಗುಂಪು, ಅಲ್ಲಿ ಸಿಕ್ಕಿಬೀಳುವ ಭಯವಿಲ್ಲ. ಚೀಟಿಯ ಮೇಲೆ ಹೆಸರು ಅಚ್ಚಾಗಿರುತ್ತದೆ, ಕೈಬರಹದ ತಕರಾರಿಲ್ಲ. ಕೋಣೆಯ ಕ್ಯಾಮೆರಾ ಬಾಗಿಲ ಕಡೆಗೆ ಮುಖ ಮಾಡಿತ್ತು. ಮುಂದೊಂದು ದಿನ ಅನುಮಾನ ಬಂದು ಚಿಕ್ಕವನ ರಕ್ತವನ್ನು ಮತ್ತೆ ನೋಡಿದರೂ, ಅಷ್ಟರಲ್ಲಿ ಅಮ್ಮನ ಕಿಡ್ನಿ ತನ್ನ ಹೊಟ್ಟೆಯೊಳಗಿರುತ್ತದೆ. ಅದನ್ನು ಯಾರೂ ವಾಪಸ್ ಕೇಳುವುದಿಲ್ಲ. ಅಲ್ಲಿಯವರೆಗೆ ತಮ್ಮ ಕೊನೆಯ ಕೋಣೆಯಲ್ಲಿ, ರೋಗವಿದ್ದವರ ಯಂತ್ರಕ್ಕೆ ಮೈ ಕೊಟ್ಟು ಮಲಗಬೇಕು. ಮಲಗಲಿ. ಅಲ್ಲೂ ನಾಲ್ಕು ಜನರನ್ನು ನಗಿಸಲಿ.

ರಕ್ತ ಕೊಡುವ ದಿನ ಎಲ್ಲವೂ ಅವನು ಅಂದುಕೊಂಡ ಹಾಗೇ ನಡೆಯಿತು. ಸಿಸ್ಟರ್ ಇಬ್ಬರಿಂದಲೂ ರಕ್ತ ಎಳೆದು, ಚೀಟಿ ಅಂಟಿಸಿ, ಎರಡೂ ಹಾಸಿಗೆಗಳ ನಡುವಿನ ಪುಟ್ಟ ಮೇಜಿನ ಟ್ರೇಯಲ್ಲಿ ಟ್ಯೂಬುಗಳನ್ನು ನಿಲ್ಲಿಸಿದಳು. "ಒಬ್ಬೊಬ್ಬರೇ ಹೋಗಿ ತೂಕ ನೋಡ್ಕೊಂಡು ಬನ್ನಿ" ಎಂದವಳೇ ಆಚೆ ಕೂಗುತ್ತಿದ್ದ ಯಂತ್ರದ ಕಡೆ ಓಡಿದಳು.

"ಹಿರಿಯರು ಮೊದಲು" ಎಂದ ಚಿಕ್ಕವನು, ಕೈಮುಗಿದು ದಾರಿ ಬಿಡುವವನ ಹಾಗೆ ನಟಿಸುತ್ತ.

ದೊಡ್ಡವನು ಹೊರಗಿನ ಓಣಿಯ ತಕ್ಕಡಿಯ ಮೇಲೆ ನಿಂತು ಬಂದ. ಚಿಕ್ಕವನು ಹಾಸಿಗೆಯ ತುದಿಯಲ್ಲಿ ಕೂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. "ಎಷ್ಟು ಏರಿದೀಯ? ನೀರು ಕುಡಿದ್ಯೋ, ಬಾವೀನೇ ಕುಡಿದ್ಯೋ?" ಎಂದು ನಗುತ್ತ ಎದ್ದು ಹೋದ. ಅವನ ಬೆನ್ನು ಮರೆಯಾದೊಡನೆ ದೊಡ್ಡವನ ಚಿಮಟ ಜೇಬಿನಿಂದ ಹೊರಬಂತು. ಹದಿನೇಳು ಸೆಕೆಂಡು. ಎರಡು ಚೀಟಿಗಳೂ ಅದಲುಬದಲಾಗಿದ್ದವು. ಇಂಥ ಅಚ್ಚುಕಟ್ಟು ಕೆಲಸವನ್ನು ಮೆಚ್ಚಿಕೊಳ್ಳಲು ಯಾರೂ ಇಲ್ಲವಲ್ಲ ಎಂದು ಕ್ಷಣಹೊತ್ತು ಬೇಜಾರಾಯಿತು.

ಐದು ದಿನ ಅವನು ಹಗುರಾಗಿ ಓಡಾಡಿದ. ತಮ್ಮನ ಜೋಕಿಗೆ ಮೊದಲ ಬಾರಿ ಜೋರಾಗಿ ನಕ್ಕ. ಅಮ್ಮ ಚಿಕ್ಕವನಿಗೆ ಮೊದಲು ಹಣ್ಣು ಕೊಟ್ಟಾಗ, ತಿನ್ನಲಿ ಪಾಪ, ಎಂದುಕೊಂಡ.

ಆರನೆಯ ದಿನ ಡಾಕ್ಟರು ಕರೆಸಿದರು. ಮುಖ ಸಪ್ಪಗಿತ್ತು. ದೊಡ್ಡವನು ಮರುಕದ ಮುಖ ಸಿದ್ಧಮಾಡಿಕೊಂಡು, ತಮ್ಮನ ಬೆನ್ನ ಮೇಲೆ ಇಡಲೆಂದು ಕೈಯನ್ನೂ ಅರ್ಧ ಎತ್ತಿದ್ದ.

"ದೊಡ್ಡವರೇ, ಧೈರ್ಯ ತಂದ್ಕೊಳ್ಳಿ" ಎಂದರು ಡಾಕ್ಟರು. "ನಿಮ್ಮ ರಕ್ತದಲ್ಲಿ ಹೆಪಟೈಟಿಸ್ ಸಿ ಇದೆ. ಮಾತ್ರೆ ಇದೆ, ಮೂರು ತಿಂಗಳಲ್ಲಿ ವಾಸಿ ಆಗುತ್ತೆ. ಆದ್ರೆ ಇವತ್ತಿಂದ ನೀವು ಕೊನೆ ಕೋಣೆಗೆ. ನಿಮ್ಮ ತಮ್ಮನಿಗೆ ಏನೂ ಇಲ್ಲ. ಅಮ್ಮನ ಕಿಡ್ನಿ ಅವರಿಗೆ."

ಅಮ್ಮ "ಅಯ್ಯೋ ನನ್ನ ಕಂದ" ಎಂದು ದೊಡ್ಡವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಅಲ್ಲಿ ಮುಖ ಹುದುಗಿಸಿಕೊಂಡೇ ಅವನು ಲೆಕ್ಕ ಹಾಕುತ್ತಿದ್ದ. ಚೀಟಿಗಳು ಬದಲಾಗಿದ್ದವು, ಅದರಲ್ಲಿ ಅನುಮಾನವಿಲ್ಲ. ಹಾಗಾದರೆ ಇದು ಹೇಗೆ?

ಹೊರಗೆ ಬಂದು ಅಮ್ಮ ನೀರು ತರಲು ಹೋದಾಗ ಚಿಕ್ಕವನು ಗೋಡೆಗೆ ಒರಗಿ ಅತ್ತುಬಿಟ್ಟ. "ತಪ್ಪಾಯ್ತು ಅಣ್ಣ, ನನ್ನ ಕೈಲಿ ಆಗ್ಲಿಲ್ಲ. ಅವತ್ತು ನೀನು ಸ್ನಾನಕ್ಕೆ ಹೋಗಿದ್ದಾಗ ಆ ಲ್ಯಾಬಿನವರು ನಿನ್ನ ಫೋನಿಗೆ ಮಾಡಿದ್ರು, ನಾನೇ ತಗೊಂಡೆ, ಎಲ್ಲಾ ಗೊತ್ತಾಯ್ತು. ಹೆಂಗಾದ್ರೂ ಕಿಡ್ನಿ ನಿಂಗೇ ಸಿಗ್ಲಿ ಅಂತ, ನೀನು ತೂಕಕ್ಕೆ ಹೋದಾಗ ಉಗುರಲ್ಲಿ ಕೆರೆದು ನಮ್ಮಿಬ್ಬರ ಚೀಟಿ ಅದಲುಬದಲು ಮಾಡಿದ್ದೆ. ಸರಿಯಾಗೇ ಮಾಡಿದ್ದೆ ಅಣ್ಣ. ನಾನು ಬದಲು ಮಾಡಿದ್ದು ಮತ್ತೆ ಹೆಂಗೆ ತಿರುಗಾ…" ಮಾತು ಅಲ್ಲಿಗೇ ನಿಂತಿತು. ಟ್ರೇಯಲ್ಲಿದ್ದ ಎರಡೂ ಚೀಟಿಗಳ ಅಂಚು ಮುದುರಿಕೊಂಡಿದ್ದುದು, ಅದನ್ನು ಸಿಸ್ಟರಿನ ಅವಸರದ ಕೆಲಸವೆಂದು ತಾನು ಮನಸ್ಸಿನಲ್ಲೇ ಬೈದುಕೊಂಡದ್ದು ದೊಡ್ಡವನಿಗೆ ಈಗ ಕಣ್ಣಿಗೆ ಕಟ್ಟಿತು. ತಲೆ ಎತ್ತಿದಾಗ ಚಿಕ್ಕವನು ಅವನ ಮುಖ ನೋಡುತ್ತಿರಲಿಲ್ಲ. ಕೂದಲೆಳೆಯಷ್ಟು ತಿರುಪು ಬಿಚ್ಚಿ ಹಾಕುವ ಅಣ್ಣನ ಬೆರಳುಗಳನ್ನು ನೋಡುತ್ತಿದ್ದ.