ಕಾರಣದ ಖಾನೆಯಲ್ಲಿ ಬರೆಯದ ಮಾತು

"ಅದೊಂದು ಸಾಲು ಅಳಸ್ರಿ ಮೇಡಂ!"

ಬಾಗಿಲ ಕಡೆಯಿಂದ ಬಂದ ದನಿಗೆ ಅಥಣಿಯ ಬುದ್ಧ ವಿಹಾರದ ಸಭಾಂಗಣದಲ್ಲಿ ಕೂತಿದ್ದ ಅರವತ್ತು ತಲೆಗಳು ಒಮ್ಮೆಲೇ ಹಿಂದಕ್ಕೆ ತಿರುಗಿದವು.

ಪರದೆಯ ಮುಂದೆ ಮೈಕು ಹಿಡಿದು ನಿಂತಿದ್ದ ಸಾರಿಕಾ ಕೂಡ ಕತ್ತು ಚಾಚಿ ನೋಡಿದಳು. ಹೆಗಲ ಮೇಲೊಂದು ರಟ್ಟಿನ ಪೆಟ್ಟಿಗೆ, ಕುತ್ತಿಗೆಗೆ ಸುತ್ತಿಕೊಂಡ ವೈರು, ಹುಬ್ಬಿನ ತುಂಬ ದಾರಿಯ ಧೂಳು...

"ಇಂಟರ್ನೆಟ್ ರಿಪೇರಿ ಆಮ್ಯಾಲೆ ಮಾಡ್ರಿ. ಈಗ ಮೀಟಿಂಗ್ ನಡದೈತಿ," ಎಂದಳು.

"ರಿಪೇರಿನೂ ಮಾಡ್ತೀನ್ರಿ. ಮೊದಲ ಆ ಸಾಲು ಅಳಸ್ರಿ."

ಪರದೆಯ ಮೇಲೆ ದಪ್ಪ ಅಕ್ಷರದಲ್ಲಿತ್ತು: 'ಇವತ್ತೇ ಸೇರಿರಿ, ನಾಳೆ ಟೋಕನ್ ಬೆಲೆ ಏರುತ್ತದೆ!'

"ಯಾಕ ಅಳಸಬೇಕು?" ಸಾರಿಕಾಳ ಕಿವಿ ಬಿಸಿಯಾದವು.

"ಏರತೈತಿ ಅಂತ ನಿಮಗ ಯಾರ ಹೇಳ್ಯಾರ? ನಾಳೆ ಏರಲಿಲ್ಲಂದ್ರ ಈ ಮಾವಶಿಯರ ಮನಿಗೆ ಯಾವ ಮಾರಿ ಇಟಗೊಂಡು ಹೋಗ್ತೀರಿ?"

ಎಷ್ಟು ಸೊಕ್ಕು ಇವನಿಗೆ! ಅವಳು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನಿಂದ ಇನ್ನೊಂದು ದನಿ ಬಂತು.

"ಹುಡುಗ ಹೇಳೂದು ಖರೆ ಐತಿ ಬೇ ಸಾರಿಕಾ. ಅಳಸು."

ಹೇಳಿದ್ದು ಮತ್ಯಾರೂ ಅಲ್ಲ, ಅವಳ ಹೆತ್ತ ತಾಯಿ ತುಳಸವ್ವ! ಸಭೆಯೆಲ್ಲ ಗೊಳ್ಳೆಂದು ನಕ್ಕಿತು.

ಆಗ ಹಿರಿಯರಾದ ಭೀಮಗೊಂಡ ಕಾಕಾ ಎದ್ದು ನಿಂತರು. "ತಂಗಿ, ಇವ್ರು ನಿಪ್ಪಾಣಿ ಸುಮೇಧ. ನಮ್ಮ 'ನಡಿಗೆ'ಯ ತಂತ್ರಾಂಶ ಬರದವ್ರ ಇವ್ರ!"

ಸಾರಿಕಾಳಿಗೆ ಮೈಕಿನ ಹಿಂದೆ ಅಡಗಿಕೊಳ್ಳಬೇಕೆನಿಸಿತು.

'ನಡಿಗೆ' ಎಂದರೆ ಚಪ್ಪಲಿ ಹೊಲಿಯುವವರು, ಬೆಲ್ಲ ಕಾಸುವವರು, ಹೀಗೆ ಈ ಭಾಗದ ಕೈಕೆಲಸದವರೆಲ್ಲ ಸೇರಿ ಕಟ್ಟಿಕೊಂಡ ಬ್ಲಾಕ್‌ಚೈನ್. ಒಂದು ಜೋಡಿ ಚಪ್ಪಲಿಯ ಗುರುತನ್ನು ಮೊಬೈಲಿನಲ್ಲಿ ತೋರಿಸಿದರೆ ಸಾಕು, ಹೊಲಿದವರು ಯಾರು, ಯಾವ ಊರು, ಯಾವ ದಿನ ಎಲ್ಲ ಬರುತ್ತದೆ. ಅದಕ್ಕೆ ಒಬ್ಬ ಮಾಲೀಕನಿಲ್ಲ; ಸೇರುವವರು ಕೊಳ್ಳುವ ಪಾಲಿಗೇ ಟೋಕನ್ ಎಂದು ಹೆಸರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ಕಡೆ ಒಂದೊಂದು ಕಂಪ್ಯೂಟರ್ ಪೆಟ್ಟಿಗೆ. ಒಂದರಲ್ಲಿ ಬರೆದದ್ದು ಐದರಲ್ಲೂ ಮೂಡುತ್ತದೆ, ಅಳಿಸಲು ಯಾರಿಂದಲೂ ಆಗದು. ಏನೇ ತೀರ್ಮಾನವಿದ್ದರೂ ಸದಸ್ಯರ ವೋಟು. ವೋಟಿನ ಪಕ್ಕದಲ್ಲಿ 'ಕಾರಣ' ಎಂಬ ಖಾನೆ. ಅದನ್ನೂ ಎಲ್ಲರೂ ಓದಬಹುದು.

ಈ ನಡಿಗೆಯ ಹೆಸರನ್ನು ಹೊರಗಿನ ಜಗತ್ತಿಗೆ ಮುಟ್ಟಿಸುವ ಯೋಜನೆ ಬರೆಯಲು ಸಾರಿಕಾಳಿಗೆ ಎರಡು ತಿಂಗಳು ಕೊಟ್ಟಿದ್ದರು. ಸದಸ್ಯರು ಒಪ್ಪದಿದ್ದರೆ ಕೆಲಸ ಪುಣೆಯ ಒಂದು ಜಾಹೀರಾತು ಕಂಪನಿಗೆ. ಆ ಕಂಪನಿಯವರು ಕಳಿಸಿದ್ದ ಮಾದರಿ ವಿಡಿಯೋ ಅವಳು ನೋಡಿದ್ದಳು. ಸಮುದ್ರದ ದಂಡೆ, ಬಿಳಿ ಲಂಗದ ಹುಡುಗಿ, ಅವಳ ಕಾಲಲ್ಲಿ ತುಳಸವ್ವ ಹೊಲಿದ ಚಪ್ಪಲಿ... ತುಳಸವ್ವ ಮಾತ್ರ ಎಲ್ಲೂ ಇಲ್ಲ!

'ನಲವತ್ತು ವರ್ಷ ದಬ್ಬಣ ಹಿಡಿದ ಕೈ. ಅವ್ವನ ಹೆಸರು ಅವ್ವನ ಬಾಯಿಂದಲೇ ಜಗತ್ತಿಗೆ ಕೇಳಿಸಬೇಕು.' ಅವಳಿಗೆ ಬೇಕಾದದ್ದು ಅಷ್ಟೇ.

ಅದಕ್ಕೇ ಅವಳ ಯೋಜನೆಯಲ್ಲಿ ಜಾಹೀರಾತೇ ಇರಲಿಲ್ಲ. ಸದಸ್ಯರೇ ತಮ್ಮ ಮಾತಿನಲ್ಲಿ, ಕನ್ನಡವೋ ಮರಾಠಿಯೋ, ತಮ್ಮ ಕೆಲಸದ ಕಥೆ ಹೇಳಬೇಕು. ಗಿರಾಕಿ ಚಪ್ಪಲಿಯ ಗುರುತು ತೆರೆದರೆ ಆ ದನಿ ಕೇಳಬೇಕು.

ದನಿ ಮುದ್ರಿಸಲು ಊರೂರು ತಿರುಗಬೇಕಿತ್ತು. ಸುಮೇಧನೂ ಪೆಟ್ಟಿಗೆ ನೋಡಲು ಊರೂರು ತಿರುಗುತ್ತಿದ್ದ. ಭೀಮಗೊಂಡ ಕಾಕಾ, "ಒಂದ ಬೈಕಿನ್ಯಾಗ ಹೋಗ್ರಿ," ಎಂದುಬಿಟ್ಟರು.

ಮೊದಲ ದಿನ ಇಬ್ಬರ ನಡುವೆ ಒಂದು ಬ್ಯಾಗು. ಎರಡನೇ ವಾರ ಬ್ಯಾಗು ಅವಳ ಬೆನ್ನಿಗೆ ಹೋಯಿತು.

ಅಕ್ಕೋಳದಲ್ಲಿ ಬೆಲ್ಲದ ಗಂಗೂಬಾಯಿ ಆಜಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಕೇಳಿದರು, "ಹಾ ತುಜಾ ನವರಾ ಕಾಯ್ ಗ?"

ಇವನೇನು ನಿನ್ನ ಗಂಡನೇ ಎಂಬ ಪ್ರಶ್ನೆಗೆ ಸಾರಿಕಾಳ ಕೈಯ ಚಹಾ ತುಳುಕಿತು. "ನಾಹಿ ಆಜಿ! ಪೆಟ್ಟಿಗಿ ರಿಪೇರಿಯವ್ರು!"

"ಇನ್ನೂ ರಿಪೇರಿಯಾವನ ಏನ್ರಿ ನಾ?" ಎಂದು ಸುಮೇಧ ದಾರಿಯುದ್ದಕ್ಕೂ ನಕ್ಕ. ಅವನ ನಗು ಹೆಲ್ಮೆಟ್ಟಿನೊಳಗೆ ಗುಂಯ್‌ಗುಟ್ಟುತ್ತಿದ್ದರೆ, ಹಿಂದೆ ಕೂತವಳಿಗೆ ದಾರಿ ಇನ್ನಷ್ಟು ಉದ್ದವಿರಬಾರದೇ ಅನಿಸಿತು.

ಒಂದು ಮಧ್ಯಾಹ್ನ ಅಥಣಿಯ ಮನೆಯಲ್ಲಿ ತುಳಸವ್ವ ಅವನನ್ನು ಮಣೆಯ ಮೇಲೆ ನಿಲ್ಲಿಸಿದಳು. "ಎಲ್ಲಾರ ಕಾಲಿಗೂ ಗುರುತ ಮಾಡಿಕೊಟ್ಟಿ, ನಿನ್ನ ಕಾಲಾಗ ರಬ್ಬರ್ ಚಪ್ಪಲ್! ನಾಚಿಕಿ ಆಗೂದಿಲ್ಲೇನೋ ತಮ್ಮಾ? ಸಾರಿಕಾ, ನನ್ನ ಕೈಯಾಗ ಬಣ್ಣ ಐತಿ. ನೀನ ಅಳತಿ ತಗೋ."

ಕಾಗದದ ಮೇಲೆ ಅವನ ಪಾದ. ಸಾರಿಕಾ ಮೊಣಕಾಲೂರಿ ಪೆನ್ಸಿಲ್ಲನ್ನು ಹಿಮ್ಮಡಿಯಿಂದ ನಿಧಾನಕ್ಕೆ ಸುತ್ತಿಸಿದಳು. ಬೆರಳುಗಳ ಬಳಿ ಬಂದಾಗ ಪೆನ್ಸಿಲ್ಲು ಇನ್ನೂ ನಿಧಾನವಾಯಿತು.

"ಕಚಗುಳಿ ಆಗತೈತ್ರಿ..." ಅವನು ಬೆರಳು ಮುದುರಿದ.

"ಸುಮ್ನ ನಿಂದರ್ರಿ. ಗೆರಿ ತಪ್ಪತೈತಿ."

ಎಂಟು ದಿನಕ್ಕೆ ಚಪ್ಪಲಿ ತಯಾರಾಯಿತು. ಹೊಸ ಚರ್ಮ, ಹೆಜ್ಜೆಗೊಮ್ಮೆ ಕರ್ ಕರ್! ಅವನು ಓಣಿಯ ತುದಿಯಲ್ಲಿರುವಾಗಲೇ ಸಾರಿಕಾಳಿಗೆ ಗೊತ್ತಾಗುತ್ತಿತ್ತು. ಅವನೂ ಆಗಾಗ ಬರುತ್ತಿದ್ದ. "ಪೆಟ್ಟಿಗಿ ನೋಡಿ ಹೋಗೂಣಂತ ಬಂದ್ನಿರಿ," ಎನ್ನುವುದು ಅವನ ಖಾಯಂ ಮಾತು. ಅಳತೆಯ ಕಾಗದ ಮಾತ್ರ ಕಸಕ್ಕೆ ಹೋಗಲಿಲ್ಲ. ಅದು ಅವಳ ಲ್ಯಾಪ್‌ಟಾಪ್ ಬ್ಯಾಗಿನೊಳಗಿತ್ತು...

ಊರು ಸುಮ್ಮನಿರುತ್ತದೆಯೇ? ರಾಯಬಾಗದ ಮಲಕಾರಿ ಸದಸ್ಯರ ಮೊಬೈಲ್ ಗುಂಪಿನಲ್ಲೇ ಚುಚ್ಚಿದ: "ಯೋಜನೆನೂ ಅವ್ರದ, ಪೆಟ್ಟಿಗಿನೂ ಅವ್ರದ. ನಮ್ಮ ವೋಟ ಯಾಕ ಬೇಕ್ರಿ?"

ಸಾರಿಕಾ ಅವತ್ತೇ ಒಂದು ನಿಯಮ ಬರೆದಳು. ವೋಟು ನಡೆಯುವ ಮೂರು ದಿನ ಯೋಜನೆ ಬರೆದವರೂ ತಂತ್ರಾಂಶ ನೋಡಿಕೊಳ್ಳುವವರೂ ಪರಸ್ಪರ ಮಾತಾಡಬಾರದು. ಹೇಳುವುದೇನಿದ್ದರೂ ಕಾರಣದ ಖಾನೆಯಲ್ಲಿ, ಎಲ್ಲರ ಕಣ್ಣೆದುರಿಗೆ.

"ಮೂರ ದಿನ ಏನ್ರಿ?" ಸುಮೇಧ ಮುಖ ಸಣ್ಣ ಮಾಡಿದ.

"ಮೂರ ದಿನ."

ಯೋಜನೆಯನ್ನು ವೋಟಿಗೆ ಹಾಕುವ ಬೆಳಗ್ಗೆ ಅವಳು ಮತ್ತೆ ಲೆಕ್ಕ ಹಾಕಿದಳು. ಸದಸ್ಯರು ಬರೀ ನಾಲ್ಕುನೂರು ಚಿಲ್ಲರೆ. ಪುಣೆಯವರು ಹತ್ತು ಸಾವಿರ ಜನರನ್ನು ಸೇರಿಸಿ ತೋರಿಸುತ್ತೇವೆ ಎಂದಿದ್ದರು. ಹನ್ನೊಂದು ಅಂಶಗಳ ಕೆಳಗೆ ಅವಳು ಯಾರನ್ನೂ ಕೇಳದೆ ಹನ್ನೆರಡನೆಯದೊಂದನ್ನು ಸೇರಿಸಿದಳು: 'ಐದು ಮಂದಿಯನ್ನು ಸೇರಿಸಿದವರಿಗೆ ಬಹುಮಾನದ ಟೋಕನ್.' ಕಣ್ಣು ಮುಚ್ಚಿ ಗುಂಡಿ ಒತ್ತಿದಳು.

ಹತ್ತೇ ನಿಮಿಷ! ಮೊದಲ ವೋಟು ಬಿತ್ತು.

ಸುಮೇಧ: ಬೇಡ.

ಸಾರಿಕಾ ಮೊಬೈಲನ್ನು ಕಣ್ಣಿಗೆ ಹತ್ತಿರ ತಂದು ಮತ್ತೆ ನೋಡಿದಳು. ಬೇಡ... ಬೇಡವೇ? ತಂತ್ರಾಂಶ ಬರೆದವನೇ ಬೇಡ ಎಂದ ಮೇಲೆ ಉಳಿದವರು ಅವನ ಹಿಂದೆ ಹೋಗದೆ ಇದ್ದಾರೆಯೇ? ಮೂರನೇ ದಿನದ ಸಂಜೆಗೆ ಬೇಕು ನೂರಾ ಎಪ್ಪತ್ತೊಂದು, ಬೇಡ ನೂರಾ ತೊಂಬತ್ತು. ಯೋಜನೆ ಬಿದ್ದಿತ್ತು. ತಿದ್ದಿ ಹಾಕಲು ಇನ್ನು ಏಳು ದಿನ, ಒಂದೇ ಅವಕಾಶ.

ವೋಟು ಮುಗಿದ ಕೂಡಲೇ ಅವನ ಕರೆ ಬಂತು. ಅವಳು ಎತ್ತಲಿಲ್ಲ. 'ನಂಬಿದ್ದೆ ನಿಮ್ಮನ್ನ. ಇನ್ನ ಬರಬ್ಯಾಡ್ರಿ,' ಎಂದು ಬರೆದು ಕಳಿಸಿ, ಅವನ ನಂಬರನ್ನೇ ಬ್ಲಾಕ್ ಮಾಡಿ, ಅಳತೆಯ ಕಾಗದ ತೆಗೆದು ಹರಿಯಲು ಹೋದಳು... ಕೈ ಬರಲಿಲ್ಲ.

ನಾಲ್ಕು ದಿನ ಓಣಿಯಲ್ಲಿ ಕರ್ ಕರ್ ಇಲ್ಲ. ಸಾರಿಕಾ ಊಟಕ್ಕೆ ಕೂತರೂ ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಬಿಡುತ್ತಿದ್ದಳು.

ಐದನೇ ಬೆಳಗ್ಗೆ ಹೊಸ್ತಿಲಲ್ಲಿ ಕೂತು ತುಳಸವ್ವ ಕನ್ನಡಕ ಏರಿಸಿ ಮೊಬೈಲು ಹಿಡಿದಿದ್ದಳು. ಮೂರನೇ ಇಯತ್ತೆಗೆ ಬಿಟ್ಟ ಓದು, ನಡಿಗೆಗೆ ಸೇರಿದ ಮೇಲೆ ಮತ್ತೆ ಶುರುವಾಗಿತ್ತು.

"ಸಾರಿಕಾ, ಆ ಹುಡುಗ ಬರದದ್ದು ಓದಿದಿ ಏನ ಬೇ?"

"ಏನ ಓದೂದೈತಿ? ಬೇಡ ಅಂದಾನ. ಮುಗೀತು."

"ಅದರ ಬಾಜೂಕ್ಕ ಕಾರಣ ಐತೆಲ್ಲ. ಕಾರಣ ಓದಲಾರದ ವೋಟ ಎಣಸಬ್ಯಾಡ್ರಿ ಅಂತ ವಿಹಾರದಾಗ ನಿಂತ ಬೋಧನಿ ಮಾಡಿದಾಕಿ ನೀನ ಅಲ್ಲ?"

ಸಾರಿಕಾ ತಾಯಿಯ ಕಡೆ ತಿರುಗಿದಳು. ಅವಳು ಆ ಖಾನೆಯನ್ನು ತೆರೆದೇ ಇರಲಿಲ್ಲ!

ತುಳಸವ್ವ ಬಣ್ಣ ಹಿಡಿದ ಬೆರಳನ್ನು ಅಕ್ಷರದ ಕೆಳಗಿಟ್ಟು ಓದತೊಡಗಿದಳು.

"ಹನ್ನೊಂದು ಅಂಶ ಭಾಳ ಚಂದ ಅದಾವು. ಹನ್ನೆರಡನೇದು ಬ್ಯಾಡ. ಬಹು... ಮಾನದ ಆಸೇಕ ಮಂದಿ ಬೀಗರನ್ನ ಎಳಕೊಂಡ ಬರ್ತಾರ. ನಾಳೆ ಅವ್ರಿಗೆ ಬ್ಯಾಸರಾದ್ರ ಪೆಟ್ಟಿಗಿ ಮುಂದ ಬಂದು ಯಾರೂ ಜಗಳಾ ಮಾಡೂದಿಲ್ಲ. ಸಾರಿಕಾ ಅವರ ಮನಿ ಮುಂದ ಬರ್ತಾರ. ಅವ್ರು ತಲಿ ತಗ್ಗಿಸಿ ನಿಂತದ್ದು ನನಗ... ನೋ... ಡಾಕ... ಆಗೂದಿಲ್ಲ."

ತುಳಸವ್ವ ಒಮ್ಮೆ ಮಗಳ ಮುಖ ನೋಡಿ ಮುಂದುವರಿಸಿದಳು.

"ಆ ಸಾಲು ಅಳಿಸಿದ್ರ ಮೊದಲನೇ 'ಬೇಕು' ನಂದ. ಇನ್ನೊಂದು ಮಾತು ಐತಿ. ಅದನ್ನ ಎಲ್ಲಾರೂ ಓದೋ ಈ ಖಾನೆದಾಗ ಬರಿಯಾಕ ಬರೂದಿಲ್ಲ."

ಸಾರಿಕಾ ಸೆರಗಿನಂತೆ ಹೊದ್ದಿದ್ದ ಓಢಣಿಯಲ್ಲಿ ಮುಖ ಮುಚ್ಚಿಕೊಂಡಳು. ಅವನು ಅವಳದೇ ನಿಯಮಕ್ಕೆ ಕಟ್ಟುಬಿದ್ದು ಮೂರು ದಿನ ಬಾಯಿ ಮುಚ್ಚಿದ್ದ. ನಿಯಮ ಮುಗಿದ ನಿಮಿಷಕ್ಕೇ ಕರೆ ಮಾಡಿದ್ದ. ಅವಳು...

"ಅವ್ವಾ, ನಾ ಏನ ಮಾಡಿಬಿಟ್ನಿ!"

"ಅಳತಾ ಕುಂದರಬ್ಯಾಡ. ಭೀಮಗೊಂಡಪ್ಪನ್ನ ಕೇಳಿದ್ನಿ, ಕಾಗವಾಡದಾಗ ಅದಾನಂತ. ಹತ್ತೂವರಿ ಬಸ್ಸು ಐತಿ. ಏಳು."

ಕಾಗವಾಡದ ಪೆಟ್ಟಿಗೆ ಇದ್ದದ್ದು ಒಂದು ಅಂಗಡಿಯ ಮಾಳಿಗೆಯ ಮೇಲೆ. ಸಾರಿಕಾ ಕೆಳಗೆ ನಿಂತು ಕೂಗಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಮೆಟ್ಟಿಲ ಮೇಲಿಂದ ಸದ್ದು ಇಳಿದು ಬಂತು.

ಕರ್... ಕರ್... ಕರ್...

ಅವನು ನಿಂತ. ಅದೇ ಧೂಳು, ಅದೇ ವೈರು. ಎಡಗಾಲಿನ ಹೆಬ್ಬೆರಳಿಗೆ ಪಟ್ಟಿ.

"ಕಚ್ಚಾಕತ್ತಾವೇನು?" ಅವಳ ಬಾಯಿಂದ ಬಂದದ್ದು ಅದೊಂದೇ ಮಾತು.

"ಹೂನ್ರಿ. ಆದ್ರೂ ಬಿಡಾಕ ಮನಸ್ಸಾಗಲಿಲ್ಲ."

"ನಾ ಕಾರಣ ಓದಿದ್ದಿಲ್ರಿ... ಇವತ್ತ ಅವ್ವ ಓದಿದ್ಳು. ನಂದ ತಪ್ಪಾತು."

"ತಪ್ಪು ನಂದೂ ಐತ್ರಿ. ಮೂರ ದಿನ ಓಣಿ ತುದಿ ತನಕಾ ಬಂದ ಬಂದ ಹೊಳ್ಳಿ ಹೋಗೇನಿ, ಚಪ್ಪಲ್ ಕೈಯಾಗ ಹಿಡಕೊಂಡು. ಸಪ್ಪಳಾದ್ರ ನಿಯಮ ಮುರದಂಗ ಆಗತಿತ್ತಲ್ರಿ."

ಅಳು, ನಗು ಎರಡೂ ಒಟ್ಟಿಗೇ ಬಂದವು ಅವಳಿಗೆ. ಮೆಟ್ಟಿಲ ಮೇಲೇ ಕೂತು ಲ್ಯಾಪ್‌ಟಾಪ್ ತೆರೆದಳು. ಬ್ಯಾಗಿನಿಂದ ಅಳತೆಯ ಕಾಗದ ಜಾರಿ ಕೆಳಗೆ ಬಿತ್ತು. ಸುಮೇಧ ಅದನ್ನೆತ್ತಿ, ತನ್ನದೇ ಪಾದದ ಗೆರೆಯನ್ನು ನೋಡಿ, ಮೆಲ್ಲಗೆ ಮತ್ತೆ ಬ್ಯಾಗಿನೊಳಗಿಟ್ಟ.

ಅವನೆದುರಿಗೇ ಅವಳು ಹನ್ನೆರಡನೇ ಸಾಲು ಅಳಿಸಿದಳು. ಬೆರಳನ್ನು ಗುಂಡಿಯ ಮೇಲಿಟ್ಟಳು.

"ಇದನ್ನ ಒತ್ತಿದ್ರ ಮತ್ತ ಮೂರ ದಿನ ನಮಗ ಮಾತಿಲ್ಲ. ಖಾನೆದಾಗ ಬರಿಯಾಕ ಬರಲಾರದ ಮಾತು ಐತೆಂದ್ರಲ್ಲ... ಈಗ ಹೇಳ್ರಿ."

ಅವನು ವೈರನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಉಳದ ನಾಕ ಊರಿಗೆ ಪೆಟ್ಟಿಗಿ ಕೆಟ್ಟಾಗ ಹೋಗ್ತೀನ್ರಿ. ಅಥಣಿಗೆ ಎರಡ ತಿಂಗಳದಾಗ ಹನ್ನೊಂದ ಸಲ ಬಂದೇನಿ." ತಲೆ ಎತ್ತಿ ಅವಳನ್ನು ನೋಡಿದ. "ಅಥಣಿ ಪೆಟ್ಟಿಗಿ ಒಮ್ಮೆನೂ ಕೆಟ್ಟಿಲ್ರಿ."

ಕೆಳಗೆ ಅಂಗಡಿಯವನು ಯಾರೊಂದಿಗೋ ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದ. ಸಾರಿಕಾಳಿಗೆ ಅದೊಂದೂ ಕೇಳಿಸಲಿಲ್ಲ.

"ನಿಮ್ಮ ಮ್ಯಾಲೆ ಜೀವ ಐತ್ರಿ ನನಗ," ಎಂದ ಅವನು, ಬಹಳ ಮೆಲ್ಲಗೆ.

ಅವಳು ಗುಂಡಿ ಒತ್ತಿಬಿಟ್ಟಳು!

"ಅಯ್ಯ! ನಿಮ್ಮ ಉತ್ತರ?"

ಅವಳು ತುಟಿಯ ಮೇಲೆ ಬೆರಳಿಟ್ಟು, ಮೂರು ಬೆರಳು ತೋರಿಸಿ, ಕಣ್ಣಲ್ಲೇ ನಕ್ಕು ಬಸ್‌ಸ್ಟ್ಯಾಂಡಿನ ಕಡೆ ಓಡಿದಳು.

ಆ ಮೂರು ದಿನ ಸುಮೇಧ ಹೇಗೆ ಕಳೆದನೋ! ಮೊದಲ 'ಬೇಕು' ಅವನದೇ ಬಿತ್ತು. ಗಂಗೂಬಾಯಿ ಆಜಿ ಮರಾಠಿಯಲ್ಲಿ 'ಬೇಕು' ಅಂದರು. ಚುಚ್ಚಿದ್ದ ಮಲಕಾರಿಯೂ 'ನಮ್ಮ ದನಿ ನಮ್ಮದ ಇರಲಿ' ಎಂದು ಬರೆದ. ಕೊನೆಯ ಸಂಜೆ ಬೇಕು ಮುನ್ನೂರು ದಾಟಿತು. ಪುಣೆಯ ವಿಡಿಯೋ ಪುಣೆಯಲ್ಲೇ ಉಳಿಯಿತು.

ಎಲ್ಲರಿಗಿಂತ ಕಡೆಗೆ ಒಂದು ವೋಟು ಬಂತು.

ಸಾರಿಕಾ: ಬೇಕು. ಕಾರಣ: 'ಅಥಣಿ ಪೆಟ್ಟಿಗಿ ಈಗ ಖರೇನ ಕೆಟ್ಟೈತಿ. ಲಗೂನ ಬರ್ರಿ. ಬಂದಾವ್ರು ಹೊಳ್ಳಿ ಹೋಗಬ್ಯಾಡ್ರಿ.'

ಐದೂ ಊರಿನ ಪೆಟ್ಟಿಗೆಗಳಲ್ಲಿ ಅದು ಒಟ್ಟಿಗೇ ಮೂಡಿತು. ಗುಂಪಿನಲ್ಲಿ ಭೀಮಗೊಂಡ ಕಾಕಾ ಕೇಳಿದರು, "ಪೆಟ್ಟಿಗಿ ಛಲೋ ನಡದೈತೆಲ್ಲ ತಂಗಿ?" ತುಳಸವ್ವ ಒಂದೊಂದೇ ಅಕ್ಷರ ಹುಡುಕಿ ಒತ್ತಿ ಉತ್ತರ ಕೊಟ್ಟಳು: "ನೀ ಸುಮ್ನಿರಪಾ."

ಮರುದಿನ ಹೊತ್ತೇರುವ ಮೊದಲೇ ಓಣಿಯಲ್ಲಿ ಕರ್ ಕರ್ ಕರ್... ಎಂದಿಗಿಂತ ಜೋರು, ಓಡಿದಂತೆ!

ಸಾರಿಕಾ ಎಣ್ಣೆಯ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. "ಬಿಚ್ಚ್ರಿ ಚಪ್ಪಲ್. ಎಣ್ಣಿ ಹಚ್ಚಿದ್ರ ಮೆತ್ತಗಾಗತಾವು."

"ಪೆಟ್ಟಿಗಿ ಕೆಟ್ಟೈತೆಂದ್ರಿ?"

"ಹೂಂ. ಇಷ್ಟ ದಿನ ನಿಮ್ಮ ಸಪ್ಪಳಿಲ್ಲದ ಕೆಟ್ಟಿತ್ತು."

ಅವನು ಹೊಸ್ತಿಲ ಮೇಲೆ ಅವಳ ಪಕ್ಕ ಕೂತ. ಒಳಗೆ ತುಳಸವ್ವ ಬೇಕೆಂದೇ ಜೋರಾಗಿ ಕೆಮ್ಮಿ, ಹಿತ್ತಿಲಿಗೆ ಹೋದಳು.

"ಊರೆಲ್ಲಾ ಓದೈತಿ ನೀವು ಬರದದ್ದು," ಎಂದ. "ಗೊತ್ತೈತಿಲ್ರಿ?"

"ಗೊತ್ತೈತಿ." ಚಪ್ಪಲಿಯ ಬಾರಿಗೆ ಎಣ್ಣೆ ತಿಕ್ಕುತ್ತ ಅವಳು ಓರೆಗಣ್ಣಲ್ಲಿ ನೋಡಿದಳು. "ಮೊದಲನೇ ದಿನದಿಂದ ನಾ ಬರದದ್ದೆಲ್ಲಾ ಅಳಸ ಅಂತೀರಿ. ಇದನ್ನೂ ಅಳಸ ಅಂತೀರೇನು?"

ಸುಮೇಧ ಎಣ್ಣೆಯಾಗಿದ್ದ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡ. ಮೊದಲ ಸಲ 'ರೀ' ಇಲ್ಲದೆ ಮಾತಾಡಿದ.

"ಇದೊಂದು ಸಾಲು ಇರಲಿ ಬಿಡು, ಸಾರಿಕಾ..."