ಗೆರೆಯ ಪಕ್ಕದ ಕಂಬಗಳು

ಗೋಡೆಯಾಚೆ ಅವಳು ಕೆಮ್ಮಿದರೆ ಈಚೆ ನನ್ನ ಕೀಬೋರ್ಡ್ ನಿಲ್ಲುತ್ತಿತ್ತು. ಅಜ್ಜಿ ಹಾಡುತ್ತಿದ್ದ ಪದ್ಯ ಕೇಳುತ್ತ ಬೆಳೆದವನು ನಾನು. ಬಾಯಿಗಿಂತ ಕಿವಿಯೇ ಮುಂದು.

ನಮ್ಮನ್ನು ಎರಡು ಕೋಣೆಗೆ ಹಾಕಿದ್ದು ಅವಳ ಚಿಕ್ಕಪ್ಪ, ಆಫೀಸಿನ ಮುಖ್ಯಸ್ಥರು. "ನಕ್ಷೆ ಮಧ್ಯೆ ಒಂದು ಗೆರೆ. ಎಡಗಡೆ ದೀಪದ ಕಂಬಗಳು ಅವಳಿಗೆ, ಬಲಗಡೆಯವು ನಿನಗೆ. ಇಬ್ಬರ ಪ್ರೋಗ್ರಾಮೂ ಒಟ್ಟಿಗೇ ಓಡಲಿ. ನೀವಿಬ್ಬರು ಮಾತ್ರ ಒಟ್ಟಿಗೆ ಕೂರೋದು ಬೇಡ," ಎಂದಿದ್ದರು.

ಇಡೀ ಊರಿನಲ್ಲಿ ತೀರಾ ಹತ್ತಿರ ನಿಂತ ಜೋಡಿ ಕಂಬ ಹುಡುಕಿ, ಒಂದನ್ನು ಕಿತ್ತು ಕತ್ತಲಿರುವ ಕಡೆ ನೆಡಬೇಕು. ಅದು ಕೆಲಸ. ಅದು ಮುಗಿದ ಮೇಲೆ ನನಗೆ ಬೇರೆ ಊರಿಗೆ ವರ್ಗ. ಅದು ಅವಳತ್ತ ನೋಡಿದ್ದಕ್ಕೆ ಶಿಕ್ಷೆ.

ಕಾರಿಡಾರಿನಲ್ಲಿ ಎದುರಾದರೆ ಅವಳು ನೆಲ ನೋಡುತ್ತ ಹೋಗುತ್ತಿದ್ದಳು. ತಿರುವಿನಲ್ಲಿ ಮಾತ್ರ ಕಣ್ಣಂಚು ಒಮ್ಮೆ ಹಿಂದಿರುಗುತ್ತಿತ್ತು, ಮರೆತ ಕೊಡೆಗೆಂದು ಬಂದವರ ಹಾಗೆ. ನನ್ನ ಒಂದು ದಿನಕ್ಕೆ ಅಷ್ಟು ಸಾಕಿತ್ತು.

ಕೊನೆಗೆ ಪರದೆಯ ಮೇಲೆ ಎರಡು ಉತ್ತರ ಬಂದವು. ಅವಳ ಜೋಡಿಯ ನಡುವೆ ಹನ್ನೊಂದು ಮೀಟರ್, ನನ್ನದರ ನಡುವೆ ಒಂಬತ್ತು.

"ಒಂಬತ್ತೇ ಕಡಿಮೆ. ಮುಗೀತು," ಎಂದು ಚಿಕ್ಕಪ್ಪ ಎದ್ದರು.

"ಮುಗಿದಿಲ್ಲ ಚಿಕ್ಕಪ್ಪ." ಆಫೀಸಿನಲ್ಲಿ ಅವರನ್ನು ಸರ್ ಎಂದೇ ಕರೆಯುವವಳು. "ಗೆರೆ ಪಕ್ಕದ ಪಟ್ಟಿ ಯಾರೂ ನೋಡಿಲ್ಲ. ಒಂದು ಕಂಬ ಆಚೆ, ಒಂದು ಈಚೆ ಇರೋ ಜೋಡಿ ಇದ್ದರೆ?"

ಅವಳು ನೋಡುತ್ತಾಳೆಂದು ನಾನು, ನಾನು ನೋಡುತ್ತೇನೆಂದು ಅವಳು. ಕೇಳಿಕೊಳ್ಳಲು ನಮಗೆ ಮಾತೇ ಇರಲಿಲ್ಲವಲ್ಲ.

"ಬಾರೋ ಇಲ್ಲಿ, ಮೌನಿಬಾಬಾ. ನಿನ್ನ ಕಡೆಯವನ್ನೂ ತಾ."

ಆ 'ಬಾರೋ'ಗೆ ಚಿಕ್ಕಪ್ಪನ ಹುಬ್ಬು ಏರಿತು. ಒಂದೇ ಕೀಬೋರ್ಡಿನ ಮುಂದೆ ಬಾಗಿ, ಗೆರೆಯಿಂದ ಆಚೀಚೆ ಒಂಬತ್ತು ಮೀಟರಿನೊಳಗಿನ ಕಂಬಗಳನ್ನಷ್ಟೇ ಉಳಿಸಿದೆವು. ಅವಳ ಮೊಣಕೈ ನನ್ನದಕ್ಕೆ ತಾಗಿತು. ಸರಿಸಲಿಲ್ಲ.

ಎರಡು ಚುಕ್ಕಿ ಬೆಳಗಿದವು. ಒಂದು ಅವಳದು, ಒಂದು ನನ್ನದು. ನಡುವೆ ಎರಡೇ ಮೀಟರ್.

"ಗೆರೆ ಎಳೆದಿದ್ದು ನೀವು. ಬೀದೀಲಿ ಗೆರೆ ಇಲ್ಲ," ಎಂದಳು. ದನಿ ಏರಲಿಲ್ಲ.

"ಸರಿ, ಇವುಗಳಲ್ಲೇ ಒಂದನ್ನ ಕೀಳಿಸ್ತೀನಿ."

"ಕಂಬ ಕೀಳಿಸಿ. ಇವನನ್ನ ಕಳಿಸಿದ್ರೆ ಜೊತೆಗೆ ನಾನೂ ಹೊರಟೆ. ಮದುವೆ ಆದರೆ ಇವನನ್ನೇ. ಬೆಳಿಗ್ಗೆನೇ ಅಪ್ಪನಿಗೆ ಹೇಳಿದೀನಿ."

ಚಿಕ್ಕಪ್ಪ ಮೆಲ್ಲಗೆ ಕುಳಿತರು. "ಅಣ್ಣ ಏನಂದ?"

"ಚಿಕ್ಕಪ್ಪನ್ನ ಕೇಳು ಅಂದ್ರು."

"ಹಾಗಾದ್ರೆ ಈಗ ಕೇಳ್ತಿದೀಯಾ?"

"ಇಲ್ಲ. ಹೇಳ್ತಿದೀನಿ."

"ನಾನೂ ಹೇಳ್ತಿದೀನಿ, ಸರ್," ಎಂದೆ.

ಅವಳು ನನ್ನ ಕಡೆ ತಿರುಗಿದಳು. ಈ ಸಲ ನೆಲ ನೋಡಲಿಲ್ಲ.