ಮಂಜು ತುಂಬುವ ಬುಟ್ಟಿ

ಬಹಳ ಬಹಳ ಹಿಂದೆ, ಬೆಟ್ಟಗಳಿಗೂ ಕಿವಿ ಕೇಳುತ್ತಿದ್ದ ಕಾಲದಲ್ಲಿ, ಹೊನ್ನಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಕಾಡಿನ ಹೆಂಗಸರು ತಾವೇ ನೇಯ್ದ ಬಿದಿರಿನ ಬುಟ್ಟಿಗಳಲ್ಲಿ ಮಂಜು ತುಂಬಿ ತರುತ್ತಿದ್ದರು. ಅದೇ ರಾಜ್ಯಕ್ಕೆಲ್ಲ ನೀರು.

ಆ ಹೆಂಗಸರದು ಒಂದು ಕೂಟ. ಒಂದೇ ಚಾಪೆ, ಒಂದೇ ಬಿದಿರಿನ ರಾಶಿ, ಬಂದದ್ದರಲ್ಲಿ ಸಮಪಾಲು. ತನಗೆ ಗೊತ್ತಿದ್ದನ್ನು ಪಕ್ಕದವಳಿಗೆ ಕಲಿಸದೆ ಯಾರೂ ಚಾಪೆ ಬಿಟ್ಟು ಏಳುವಂತಿರಲಿಲ್ಲ. ಕೇತಮ್ಮನ ಪಕ್ಕ ಅವಳ ಮಗಳು ಕುಂಬಿ, ಕುಂಬಿಯ ಪಕ್ಕ ಜಡೆಯಜ್ಜಿ.

ಕೊಕ್ಕೆರಾಯನೆಂಬ ಮಾಂತ್ರಿಕನಿಗೆ ಇದು ಹೊಟ್ಟೆಯುರಿ. "ಆ ಬುಟ್ಟಿ ನೇಯುವ ವಿದ್ಯೆ ನನ್ನೊಬ್ಬನಿಗೇ ಬಂದರೆ ರಾಜನೂ ನನ್ನ ಕಾಲು ಹಿಡಿಯಬೇಕು" ಅಂದುಕೊಂಡ. ಅವನ ಬಳಿ ಹಿತ್ತಾಳೆ ಕಾಗೆಯೊಂದಿತ್ತು. ಅದು ದಿನಕ್ಕೊಮ್ಮೆ ಕುಕ್ಕುತ್ತಿತ್ತು. ಕುಕ್ಕಿಸಿಕೊಂಡ ಕೈ ಕಲಿತದ್ದೆಲ್ಲ ಮರೆಯುತ್ತಿತ್ತು, ಮರೆತದ್ದು ಅವನ ಕೈ ಸೇರುತ್ತಿತ್ತು.

"ಬಿದಿರು ಹಿಡಿದ ಕೈ ಕಂಡಲ್ಲಿ ಕುಕ್ಕು" ಎಂದು ಅಪ್ಪಣೆ ಕೊಟ್ಟು ಅದನ್ನು ಹಾರಬಿಟ್ಟ.

ಮೊದಲ ದಿನ ಕಾಗೆ ಜಡೆಯಜ್ಜಿಯನ್ನು ಕುಕ್ಕಿತು. ಕುಂಬಿ ಅಜ್ಜಿಗೆ ಮತ್ತೆ ಹೇಳಿಕೊಟ್ಟಳು. ಎರಡನೆಯ ದಿನ ಕೇತಮ್ಮನನ್ನು ಕುಕ್ಕಿತು. ಅವಳು ಬಿದಿರಿನ ಸೀಳನ್ನು ಸೌದೆಯ ಹಾಗೆ ಹಿಡಿದು ಅತ್ತುಬಿಟ್ಟಳು.

"ನಲವತ್ತು ವರ್ಷ ನೇಯ್ದ ಕೈ ಕಣ್ ಮಗ, ಬರಿದಾಗೋಯ್ತು!"

"ನೀ ಕಲ್ಸಿದ್ದು ನನ್ತಾವ ಐತೆ ಕಣವ್ವ. ಈಸ್ಕೊ" ಎಂದಳು ಕುಂಬಿ. ಸಂಜೆಯೊಳಗೆ ಅವ್ವನ ಬೆರಳು ಓಡತೊಡಗಿದವು.

ಮೂರನೆಯ ದಿನ ಕುಂಬಿಯ ಸರದಿ. ಅವ್ವ ನಗುತ್ತಲೇ ಅವಳ ಬೆರಳು ಹಿಡಿದಳು. "ಬಾ ಮಗ. ಹೋದ್ಸಲ ಕಲ್ಸಿದಾಗ ನೀನು ಇನ್ನೂ ತೊದಲ್ತಿದ್ದೆ."

ಇತ್ತ ಮರುದಿನ ಕೊಕ್ಕೆರಾಯ ಕದ್ದ ಕೈಚಳಕದಲ್ಲಿ ಬುಟ್ಟಿ ನೇಯ್ದ. ಚೆನ್ನಾಗಿಯೇ ನೇಯ್ದ, ಸುಳ್ಳೇಕೆ! ಆದರೆ ಬುಟ್ಟಿಯ ಬಾಯಿ ಕಟ್ಟುವಾಗ ಒಬ್ಬರು ಅದುಮಿ ಹಿಡಿಯಬೇಕು, ಇನ್ನೊಬ್ಬರು ಬಿಗಿಯಬೇಕು. ಅವನಿಗೆ ಯಾರಿದ್ದರು?

"ಏ ಕಾಗೆ, ಬಂದು ಹಿಡಿ!"

ಕಾಗೆ ಬಂತು. ಬಿದಿರು ಹಿಡಿದ ಕೈ ಕಂಡಿತು. ಕುಕ್ಕಿತು.

ಅವನಿಗೆ ಬುಟ್ಟಿಯೂ ಮರೆಯಿತು, ಮಂತ್ರವೂ ಮರೆಯಿತು. ಕಾಗೆ ಬರೀ ಹಿತ್ತಾಳೆಯಾಗಿ ಉರುಳಿತು.

ಕೊಕ್ಕೆರಾಯ ಬಾಯಾರಿ ಚಾಪೆಯ ಬಳಿ ಬಂದು ತಪ್ಪೊಪ್ಪಿಕೊಂಡ. ಹೆಂಗಸರು ಮೊದಲು ನೀರು ಕೊಟ್ಟರು, ಆಮೇಲೆ ಹೊಟ್ಟೆ ತುಂಬ ಬೈದರು. ಕೊನೆಗೆ ಕೇತಮ್ಮ ಸರಿದು ಜಾಗ ಮಾಡಿದಳು. "ಕುಂತ್ಕಳಯ್ಯ. ನೀನು ಅದುಮಿ ಹಿಡಿ, ನಾನು ಬಿಗೀತೀನಿ."

ಅಂದಿನಿಂದ ಹೊನ್ನಕೋಟೆಗೆ ನೀರು ತಪ್ಪಲಿಲ್ಲ, ನೆಮ್ಮದಿಯೂ ತಪ್ಪಲಿಲ್ಲ. ಅಂದು ಸಂಜೆ ಕೊಕ್ಕೆರಾಯ ಏಳಹೊರಟಾಗ ಕುಂಬಿ ಅವನ ಪಂಚೆಯ ತುದಿ ಹಿಡಿದೆಳೆದಳು.

"ಎಲ್ಲಿಗೆ? ಪಕ್ಕದೋರ್ಗೆ ಕಲ್ಸಿ ಏಳಯ್ಯ!"